ಭಾವನವರು ‘ಗೊತ್ತಿಲ್ಲ’ ಎಂದ ವಾರ

ನನ್ನ ಭಾವನವರಿಗೆ ಈ ಭೂಮಿಯ ಮೇಲೆ ಗೊತ್ತಿಲ್ಲದ ಸಂಗತಿ ಒಂದೇ ಒಂದಿತ್ತು: ‘ಗೊತ್ತಿಲ್ಲ’ ಎಂದು ಹೇಳುವುದು ಹೇಗೆ ಎಂಬುದು.

ಅವರು ನಮ್ಮ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು. ಸರಿಯಾಗಿ ಹೇಳಬೇಕೆಂದರೆ ಹಂಗಾಮಿ ಮುಖ್ಯೋಪಾಧ್ಯಾಯರು. ನಾನು ಅದೇ ಶಾಲೆಯ ಗುಮಾಸ್ತ. ಆ ಕೆಲಸ ನನಗೆ ಭಾವನಿಂದ ಸಿಕ್ಕಿತೆಂದು ಆಡಿಕೊಳ್ಳುವವರಿದ್ದಾರೆ. ಅದು ಶುದ್ಧ ಸುಳ್ಳು. ಸಿಕ್ಕಿದ್ದು ಅಕ್ಕನಿಂದ. ಶಾಲೆಯ ಗೇಟಿನ ಒಳಗೆ ಅವರನ್ನು ‘ಸಾರ್’ ಎನ್ನುತ್ತೇನೆ, ಗೇಟು ದಾಟಿದರೆ ‘ಭಾವ’. ಅವರ ಮನೆಯ ಹಿಂದಿನ ಕೋಣೆಯಲ್ಲೇ ನನ್ನ ವಾಸ. ಹಾಗಾಗಿ ಈ ಕಥೆಯ ಎರಡು ಮಗ್ಗುಲೂ ನನ್ನ ಕಣ್ಣೆದುರಿಗೇ ನಡೆದಿವೆ.

ಬೀದಿಯವರು ಭಾವನನ್ನು ಕರೆಯುತ್ತಿದ್ದುದು ‘ಉತ್ತರ ಮೇಷ್ಟ್ರು’ ಎಂದು. ಯಾರು ಏನೇ ಕೇಳಲಿ, ಅವರ ಬಳಿ ಉತ್ತರ ಸಿದ್ಧ. ಒಬ್ಬ ಬೈಕಿನವನು ಬಂದು ಹಲ್ಲಿನ ಆಸ್ಪತ್ರೆ ಎಲ್ಲಿ ಎಂದು ಕೇಳಿದ, ಭಾವ ತೋರಿಸಿದ ಕಡೆ ಹೋದ, ಅರ್ಧ ಗಂಟೆ ಬಿಟ್ಟು ದವಡೆ ಹಿಡಿದುಕೊಂಡು ಮತ್ತೆ ನಮ್ಮ ಗೇಟಿಗೇ ಬಂದ. ಭಾವ ಒಂದಿಷ್ಟೂ ಅಳುಕದೆ ಇನ್ನೊಂದು ದಿಕ್ಕು ತೋರಿಸಿದರು. ‘ಕೇಳಿ ಬಂದವರನ್ನ ಬರಿಗೈಲಿ ಕಳಿಸಬಾರದು ಕಣಯ್ಯ’ ಎಂಬುದು ಅವರ ಧರ್ಮ. ಬಾವಲಿ ಹಕ್ಕಿಯಲ್ಲ ಎಂದು ಪಠ್ಯಪುಸ್ತಕದಲ್ಲಿ ಬಂದಾಗ, ಇಡೀ ತರಗತಿಯ ಪುಸ್ತಕಗಳನ್ನು ತರಿಸಿಕೊಂಡು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟರು. ಅಷ್ಟೇಕೆ, ಅವರು ಬೆಳಗಾಗೆದ್ದು ಅಭ್ಯಾಸ ಮಾಡುತ್ತಿದ್ದ ಕೊಳಲು ಒಂದು ದಿನ ಮನೆಯಿಂದ ಮಾಯವಾಯಿತಲ್ಲ, ಆಗಲೂ ಕಳ್ಳ ಯಾರೆಂಬುದು ಅವರಿಗೆ ನಿಂತ ನಿಲುವಿನಲ್ಲೇ ತಿಳಿದಿತ್ತು. ‘ಎಡಗೈಯವನು. ಸಂಗೀತ ಬಲ್ಲವನು’ ಎಂದರು. ಸಂಗೀತ ಬಲ್ಲವನೇ ಇರಬೇಕೆಂದು ಬೀದಿಯವರೂ ಒಪ್ಪಿದರು. ಆ ಕೊಳಲನ್ನು ದಿನಾ ಕೇಳಿಸಿಕೊಂಡ ಮೇಲೆ ಸಂಗೀತ ಬಲ್ಲ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು.

ಇನ್ನು ಆ ‘ಹಂಗಾಮಿ’ ಎಂಬ ಪದ. ಅದು ಭಾವನ ಹುದ್ದೆಯ ಮುಂದೆ ಎಷ್ಟು ವರ್ಷ ಕೂತಿತ್ತೆಂದರೆ ಅಕ್ಕನ ಪಾಲಿಗೆ ಅದು ಸವತಿಯೇ ಆಗಿಹೋಗಿತ್ತು. ಕೊನೆಗೂ ಶಿಕ್ಷಣಾಧಿಕಾರಿಗಳು ಒಂದು ಮಾತು ಹೇಳಿ ಕಳಿಸಿದರು. ಮಕ್ಕಳು ತಾವೇ ಪ್ರಶ್ನೆ ಕೇಳಿ, ತಾವೇ ಹುಡುಕಿ ಕಲಿಯುವ ಪದ್ಧತಿ ಇನ್ನು ಮುಂದೆ ಎಲ್ಲ ಶಾಲೆಗಳಲ್ಲೂ ಬರಬೇಕು. ಮುಖ್ಯೋಪಾಧ್ಯಾಯರಿಗೆ ಅದರ ಕಾರ್ಯಾಗಾರ ನಡೆಯುತ್ತದೆ. ಅದಾದ ವಾರಕ್ಕೆ ಸಾಹೇಬರು ಖುದ್ದು ಶಾಲೆಗೆ ಬಂದು ನೋಡುತ್ತಾರೆ. ಸರಿ ಕಂಡರೆ ‘ಹಂಗಾಮಿ’ ಹೋಗುತ್ತದೆ. ಕಾಣದಿದ್ದರೆ ಭಾವ ಹೋಗುತ್ತಾರೆ, ಕುರ್ಚಿ ನಮ್ಮ ಹಿರಿಯ ಮೇಡಂಗೆ.

ಕಾರ್ಯಾಗಾರದಲ್ಲಿ ನಡೆದದ್ದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ನಮ್ಮ ಹಾಗೆ ನೀವೂ ಒದ್ದಾಡುವುದು ಬೇಡ.

ಕ್ಯಾನ್ವಾಸ್ ಬೂಟು ಹಾಕಿದ ಒಬ್ಬ ಸಣ್ಣ ಹೆಂಗಸು ಬಂದು, ‘ನಿಮ್ಮ ಶಾಲೇಲಿ ಒಂದು ಮಗು ಕೊನೇ ಸಲ ಪ್ರಶ್ನೆ ಕೇಳಿದ್ದು ಯಾವಾಗ?’ ಎಂದು ವಿಚಾರಿಸಿದರಂತೆ. ಒಬ್ಬ ಮುಖ್ಯೋಪಾಧ್ಯಾಯರು ಎದ್ದು, ‘ನಿನ್ನೆನೇ ಮೇಡಂ. ಮನೆಗೆ ಹೋಗ್ಲಾ ಸಾರ್ ಅಂತ’ ಎಂದರಂತೆ. ಆಕೆ ಕಣ್ಣು ಮುಚ್ಚಿ ತೆರೆದು ಹೇಳಿದರಂತೆ: ‘ಉತ್ತರ ಎಲ್ಲ ದೊಡ್ಡವರ ಜೇಬಲ್ಲೇ ಇದ್ರೆ ಮಕ್ಕಳು ಯಾಕೆ ಹುಡುಕ್ತಾರೆ? ಮೊದಲು ಮುಖ್ಯೋಪಾಧ್ಯಾಯರು ಬಾಯಿಬಿಟ್ಟು ಹೇಳ್ಬೇಕು, ನನಗೆ ಗೊತ್ತಿಲ್ಲ, ಕಂಡುಹಿಡಿಯೋಣ ಅಂತ. ಆಗ ಟೀಚರುಗಳಿಗೆ ಧೈರ್ಯ ಬರುತ್ತೆ. ಆಮೇಲೆ ಮಕ್ಕಳಿಗೆ. ಸುತ್ತೋಲೆ ಬೇಡ, ಭಾಷಣ ಬೇಡ, ಯಾರಿಗೂ ಮುಂಚೆ ಹೇಳೋದೂ ಬೇಡ. ಮಾಡಿ ತೋರಿಸಿ. ತಾನಾಗೇ ಅಂಟಿಕೊಳ್ಳುತ್ತೆ.’

ಭಾವ ಕೈ ಎತ್ತಿ, ‘ಶಾಲೇಲಿ ಮಾತ್ರಾನಾ, ಮನೇಲೂನಾ?’ ಎಂದು ಕೇಳಿದರಂತೆ. ‘ಅಭ್ಯಾಸ ಆಗೋದು ಮನೆಯಿಂದಲೇ ಅಲ್ವಾ ಸಾರ್’ ಎಂದು ಆಕೆ ನಕ್ಕರಂತೆ. ಭಾವ ಮಾತನ್ನು ತೆಗೆದುಕೊಂಡರು, ನಗುವನ್ನು ಅಲ್ಲೇ ಬಿಟ್ಟು ಬಂದರು. ಮಿಕ್ಕವರು ಚಹಾ ಕುಡಿದು, ಎಲ್ಲ ಮರೆತು ಮನೆಗೆ ಹೋದರು. ಭಾವನೊಬ್ಬರು ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ಪಾಲಿಸಲು ನಿರ್ಧರಿಸಿದರು. ದೊಡ್ಡ ಅನಾಹುತಗಳೆಲ್ಲ ಶುರುವಾಗುವುದು ಹೀಗೆಯೇ.

ಮಾರನೆಯ ಬೆಳಿಗ್ಗೆ ಅಕ್ಕ ಅಡುಗೆಮನೆಯಿಂದಲೇ ಕೂಗಿ ಕೇಳಿದಳು, ‘ರೀ, ಇವತ್ತು ಮಂಗಳವಾರ ತಾನೆ?’

ಭಾವ ಗಂಟಲು ಸರಿಮಾಡಿಕೊಂಡರು. ಮೊದಲ ಸಲ ಈಜಲು ನೀರಿಗೆ ಇಳಿಯುವವರ ಮುಖ ಮಾಡಿಕೊಂಡು, ‘ನನಗೆ... ಗೊತ್ತಿಲ್ಲ. ಕಂಡುಹಿಡಿಯೋಣ’ ಎಂದರು.

ಒಳಗೆ ಒಂದು ಲೋಟ ಬಿದ್ದ ಸದ್ದಾಯಿತು. ಅಕ್ಕ ಬಾಗಿಲಿಗೆ ಬಂದಳು. ‘ಏನಂದ್ರಿ?’

‘ಗೊತ್ತಿಲ್ಲ ಅಂದೆ.’

‘ಕ್ಯಾಲೆಂಡರು ನಿಮ್ಮ ತಲೆ ಹಿಂದೆನೇ ಇದೆಯಲ್ರೀ!’

‘ಅದು ಸರಿಯಾಗಿದೆ ಅಂತ ಹೇಗೆ ಹೇಳ್ತೀಯ?’ ಎಂದರು ಭಾವ, ಬಹಳ ಮೃದುವಾಗಿ. ನಿಜ ಹೇಳಬೇಕೆಂದರೆ ಕ್ಯಾಲೆಂಡರಿನಲ್ಲಿ ಹೋದ ತಿಂಗಳ ಹಾಳೆಯೇ ಇತ್ತು. ಆದರೆ ಅಕ್ಕನ ಗಮನ ಅಲ್ಲಿರಲಿಲ್ಲ. ಮದುವೆಯಾದಾಗಿನಿಂದ ಗಂಡನ ಬಾಯಲ್ಲಿ ಕೇಳದ ಮಾತು ಕೇಳಿ ಅವಳ ಎದೆ ಧಸಕ್ಕೆಂದಿತ್ತು. ಭಾವ ಶೂ ಹಾಕಿಕೊಳ್ಳುತ್ತಿದ್ದಾಗ ನನ್ನ ಕೋಣೆಗೆ ಬಂದು, ‘ಇವರ ಮೇಲೊಂದು ಕಣ್ಣಿಟ್ಟಿರೋ, ಯಾಕೋ ಸರಿಯಿಲ್ಲ’ ಎಂದು ಪಿಸುಗುಟ್ಟಿದಳು.

ಕಣ್ಣಿಡುವ ಅಗತ್ಯವೇ ಬರಲಿಲ್ಲ, ಕಿವಿಯೇ ಸಾಕಾಯಿತು. ಶಾಲೆಯಲ್ಲಿ ಹಿರಿಯ ಮೇಡಂ ಎದುರಾಗಿ, ‘ಸಾರ್, ಮೂರನೇ ಕ್ಲಾಸಿನ ಟೀಚರ್ ರಜ. ಮಕ್ಕಳನ್ನ ಎಲ್ಲಿ ಕೂರಿಸೋಣ?’ ಎಂದರು.

‘ಗೊತ್ತಿಲ್ಲ ಮೇಡಂ. ಕಂಡುಹಿಡಿಯೋಣ. ನಿಮಗೇನನ್ಸುತ್ತೆ?’

ಆ ಶಾಲೆಗೆ ಸೇರಿದಾಗಿನಿಂದ ತಮಗೆ ಏನನ್ನಿಸುತ್ತದೆ ಎಂದು ಯಾರೂ ಕೇಳಿರಲಿಲ್ಲವಾದ್ದರಿಂದ ಮೇಡಂ ಗೋಡೆ ಹಿಡಿದುಕೊಂಡು ನಿಂತರು.

ಆಮೇಲೆ ಭಾವ ನಾಲ್ಕನೇ ತರಗತಿಗೆ ಹೋದರು. ನಾನು ಹಾಜರಿ ಪುಸ್ತಕದ ನೆಪ ಮಾಡಿಕೊಂಡು ಹಿಂದೆಯೇ ಹೋದೆ. ಅಲ್ಲಿ ಎರಡು ಜಡೆಯ ಒಬ್ಬ ಹುಡುಗಿ ಇದ್ದಾಳೆ. ಅವಳ ಬಾಯಿಗೆ ಬೀಗ ಹಾಕಲು ಮೂವರು ಟೀಚರುಗಳು ಪ್ರಯತ್ನಿಸಿ ಸೋತಿದ್ದರು. ಅವಳು ಕಿಟಕಿಯ ಕಟ್ಟೆ ನೋಡುತ್ತಾ, ‘ಸಾರ್, ಇರುವೆ ನಿದ್ದೆ ಮಾಡುತ್ತಾ?’ ಎಂದಳು.

ಹಳೆಯ ಭಾವನಾಗಿದ್ದರೆ ‘ಮಾಡುತ್ತೆ, ಬಲಮಗ್ಗುಲಾಗಿ’ ಎಂದು ಮುಂದಿನ ಪುಟಕ್ಕೆ ಹೋಗಿಬಿಡುತ್ತಿದ್ದರು. ಈಗ ಹೇಳಿದರು, ‘ಗೊತ್ತಿಲ್ಲಮ್ಮ. ಕಂಡುಹಿಡಿಯೋಣ.’

‘ನಿಜವಾಗ್ಲೂ ಗೊತ್ತಿಲ್ವಾ ಸಾರ್?’ ಎಂದಳು ಹುಡುಗಿ.

‘ನಿಜವಾಗ್ಲೂ.’

ಆ ಹುಡುಗಿಯ ಮುಖ ಹೊಳೆಯಿತು. ಸ್ವಲ್ಪ ಹೊತ್ತಿನಲ್ಲೇ ಕಿಟಕಿ ಕಟ್ಟೆಯ ಮೇಲೆ ಸಕ್ಕರೆ ಇಟ್ಟಾಗಿತ್ತು, ಕಾವಲಿಗೆ ಪಾಳಿ ಹಂಚಿಯಾಗಿತ್ತು, ಬೋರ್ಡಿನ ಮೇಲೆ ಪ್ರಶ್ನೆ ಬರೆದಾಗಿತ್ತು. ಮಕ್ಕಳಿಗೆ ಭಾವನ ಬದಲಾವಣೆ ಅರ್ಥವಾಗಲು ಐದು ನಿಮಿಷವೂ ಬೇಕಾಗಲಿಲ್ಲ. ಅರ್ಥವಾಗದೆ ಉಳಿದವರು ನಾವು, ಓದು ಬರಹ ಮುಗಿಸಿದವರು.

ಸಂಜೆ ಭಾವ ಎದುರು ಸಾಲಿನ ಟೈಲರ್ ಅಂಗಡಿಗೆ ಹೋದರು, ಸಾಹೇಬರು ಬರುವ ದಿನಕ್ಕೆ ಹೊಸ ಪ್ಯಾಂಟು ಹೊಲಿಸಲು. ಟೈಲರ್ ಟೇಪು ಕೊರಳಿಗೆ ಹಾಕಿಕೊಂಡು, ‘ಸೊಂಟ ಹಳೇ ಅಳತೇನೇ ತಾನೆ ಸಾರ್?’ ಎಂದ.

‘ಗೊತ್ತಿಲ್ಲ. ಕಂಡುಹಿಡಿಯೋಣ.’

‘ಮನೇಲಿ ಎಲ್ಲ ಚೆನ್ನಾಗಿದ್ದಾರಾ?’

‘ಅದೂ ಗೊತ್ತಿಲ್ಲ. ಚೆನ್ನಾಗಿರೋದು ಅಂದ್ರೇನು, ಅದನ್ನ ಮೊದಲು ನೋಡ್ಬೇಕಲ್ವಾ?’

ಟೈಲರ್ ಟೇಪು ಕೆಳಗಿಟ್ಟ. ಭಾವ ಅತ್ತ ತಿರುಗಿದ ಕೂಡಲೇ ಇತ್ತ ನಮ್ಮ ಹಿತ್ತಿಲ ಬಾಗಿಲಿಗೆ ಬಂದು, ‘ಅಮ್ಮಾ, ಮೇಷ್ಟ್ರಿಗೆ ಸೊಂಟ ಮರೆತುಹೋಗಿದೆ’ ಎಂದ.

ಊರ ಬಾಯಿಗೆ ಮುಚ್ಚಳವಿಲ್ಲ. ಸೊಂಟ ಮರೆತರು ಎಂಬುದು ಬೀದಿಯ ತಿರುವಿನಲ್ಲಿ ಪ್ಯಾಂಟು ಮರೆತರು ಎಂದಾಯಿತು, ಹಾಲಿನ ಅಂಗಡಿಯಲ್ಲಿ ಪ್ಯಾಂಟು ಹಾಕುವುದನ್ನೇ ಮರೆತರು ಎಂದಾಯಿತು. ಕತ್ತಲಾಗುವ ಮುಂಚೆ ಚಿಕ್ಕಮ್ಮ, ಅಂದರೆ ನಮ್ಮ ತಾಯಿಯ ತಂಗಿ, ಆಟೋದಿಂದಿಳಿದು ಅಕ್ಕನ ಕೊರಳಿಗೆ ಬಿದ್ದಳು. ‘ಅಳಿಯಂದ್ರು ಪ್ಯಾಂಟಿಲ್ಲದೆ ಬೀದೀಲಿ ಓಡಿದ್ರಂತಲ್ಲೇ!’

ಅಳಿಯಂದಿರು ಪ್ಯಾಂಟು ಹಾಕಿಕೊಂಡು ವರಾಂಡದಲ್ಲಿ ಪೇಪರು ಓದುತ್ತಿದ್ದರು. ಚಿಕ್ಕಮ್ಮನಿಗೆ ಅದರಿಂದ ಸಮಾಧಾನವಾಗಲಿಲ್ಲ. ಎದುರಿಗೆ ನಿಂತು ಗಟ್ಟಿಯಾಗಿ, ಕಿವುಡರಿಗೆ ಹೇಳುವ ಹಾಗೆ ಕೇಳಿದಳು, ‘ನಾನು ಯಾರು ಹೇಳಿ ನೋಡೋಣ?’

ಭಾವನ ಕಣ್ಣು ಅರಳಿತು. ಕಾರ್ಯಾಗಾರದ ಹೆಂಗಸು ಹೇಳಿದ್ದು ಅಕ್ಷರಶಃ ನಿಜವಾಗುತ್ತಿತ್ತು. ಇಷ್ಟು ಬೇಗ ಅಂಟಿಕೊಂಡಿತಲ್ಲ! ‘ಎಂಥಾ ಪ್ರಶ್ನೆ ಚಿಕ್ಕಮ್ಮ!’ ಎಂದು ಎದ್ದು ನಿಂತರು. ‘ನಾನು ಯಾರು! ದೊಡ್ಡ ದೊಡ್ಡವರೇ ಇದಕ್ಕೆ ಉತ್ತರ ಸಿಗದೆ ಹೋಗಿದ್ದಾರೆ.’

‘ಚಿಕ್ಕಮ್ಮ ಅಂತ ಅಂದ್ರಲ್ಲ ಚಿಕ್ಕಮ್ಮ, ಗುರುತು ಸಿಕ್ಕಿದೆ’ ಎಂದೆ ನಾನು.

‘ಬಾಯಿತಪ್ಪಿ ಬಂದಿರುತ್ತೆ ಬಿಡೋ’ ಎಂದು ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಬೀದಿಯ ಪ್ರತಿಯೊಬ್ಬರೂ ಬಂದು ಪರೀಕ್ಷೆ ಮಾಡಿದರು. ಇದು ಎಷ್ಟು ಬೆರಳು, ನಿಮ್ಮ ಮನೆ ಯಾವುದು, ನನ್ನ ಹೆಸರೇನು. ಭಾವ ಎಲ್ಲರಿಗೂ ‘ಕಂಡುಹಿಡಿಯೋಣ’ ಎಂದು ಕೈಕುಲುಕಿ ಕಳಿಸಿದರು. ‘ನೋಡಯ್ಯ, ಇಡೀ ಬೀದಿ ಪ್ರಶ್ನೆ ಕೇಳೋಕೆ ಶುರುಮಾಡಿದೆ’ ಎಂದು ನನ್ನ ಹತ್ತಿರ ಹಿಗ್ಗಿದರು. ಬಂದವರು ಬಾದಾಮಿ ತಂದುಕೊಟ್ಟರೆ ಅದನ್ನು ಅಭಿನಂದನೆ ಎಂದುಕೊಂಡು ತಿಂದರು.

ಜನರ ಸ್ವಭಾವ ವಿಚಿತ್ರ. ಎದುರಿಗಿರುವ ಮನುಷ್ಯ ಎಲ್ಲ ಮರೆಯುತ್ತಾನೆ ಎಂದು ಖಾತ್ರಿಯಾದ ಮೇಲೆ ಅವನ ಹತ್ತಿರ ಮನಸ್ಸು ಬಿಚ್ಚಲು ಪೈಪೋಟಿ ಶುರುವಾಯಿತು. ಮೊದಲು ಕೂತವಳು ಚಿಕ್ಕಮ್ಮ. ‘ಈ ಸಂಬಂಧ ಬಂದಾಗ ನಿಮ್ಮನ್ನ ಒಪ್ಪಿದ್ದು ನಾನೊಬ್ಬಳೇ ಅಂತ ಹೇಳ್ತಿದ್ದೆನಲ್ಲ ಅಳಿಯಂದ್ರೆ. ಬೇಡ ಅಂದವಳೂ ನಾನೊಬ್ಬಳೇ’ ಎಂದು ಹಗುರಾದಳು. ಟೈಲರ್ ಬಂದು, ಭಾವನ ಹಿಂದಿನ ಕೋಟಿನ ಬಟ್ಟೆಯಲ್ಲಿ ತನ್ನ ಮಗನಿಗೂ ಒಂದು ಹೊಲಿದಿದ್ದನ್ನು ಹೇಳಿಕೊಂಡು ಹೋದ. ಶಾಲೆಯಲ್ಲಿ ಹಿರಿಯ ಮೇಡಂ ಬಾಗಿಲು ಮುಂದೆ ಮಾಡಿ, ‘ಸಾರ್, ನೀವು ಕಾರ್ಯಾಗಾರಕ್ಕೆ ಹೋದಾಗ ನಿಮ್ಮ ಕುರ್ಚೀಲಿ ಕೂತು ನೋಡಿದ್ದೆ. ಸ್ವಲ್ಪ ಗಟ್ಟಿ ಅನ್ನಿಸ್ತು’ ಎಂದರು. ನಾನೂ ಒಂದು ವಿಷಯ ಹೇಳಿದ್ದೆ. ಅದು ಇಲ್ಲಿ ಬೇಡ.

ಅಕ್ಕ ಎಲ್ಲರಿಗಿಂತ ಕೊನೆಗೆ ಹೇಳಿದಳು. ಭಾವನ ಪಕ್ಕ ಕೂತು, ಅವರ ಕೈ ತನ್ನ ಕೈಯಲ್ಲಿಟ್ಟುಕೊಂಡು ಅತ್ತಳು. ‘ನಿಮ್ಮ ಕೊಳಲು ಕಳ್ಳ ಕದ್ದಿದ್ದಲ್ಲ ರೀ. ನಾನೇ ಅಟ್ಟದ ಮೇಲೆ ಹಳೇ ಹಾಸಿಗೆ ಸುರುಳಿಯೊಳಗೆ ತುರುಕಿಬಿಟ್ಟೆ. ತಡೆಯೋಕಾಗಲಿಲ್ಲ ರೀ. ಬೆಳಬೆಳಿಗ್ಗೆ ಯಾರೋ ನಾಯಿಮರೀನ ತುಳಿದ ಹಾಗೆ ಕೇಳ್ತಿತ್ತು.’

ಭಾವ ಅವಳ ಮುಖವನ್ನೇ ನೋಡಿದರು. ಕಾರ್ಯಾಗಾರದಲ್ಲಿ ಕಲಿಸಿದ ಪ್ರಕಾರ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡು, ‘ನಿನಗೆ ಹಾಗೆ ಅನ್ನಿಸಿದ್ದು ಯಾವಾಗಿನಿಂದ?’ ಎಂದರು.

‘ಮೊದಲನೇ ದಿನದಿಂದ’ ಎಂದು ಅಕ್ಕ ಇನ್ನಷ್ಟು ಅತ್ತಳು.

ಮಾರನೆಯ ದಿನವೇ ರಕ್ತದೊತ್ತಡ ನೋಡಿಸುವ ನೆಪ ಹೇಳಿ ಅವರನ್ನು ಡಾಕ್ಟರ ಹತ್ತಿರ ಕರೆದೊಯ್ದೆವು. ಡಾಕ್ಟರು ವಯಸ್ಸಾದವರು, ಬೇಸರ ಪಟ್ಟುಕೊಳ್ಳದವರು. ನೆನಪಿಟ್ಟುಕೊಳ್ಳಲು ಮೂರು ಪದ ಹೇಳಿ, ‘ಇದು ಯಾವ ವರ್ಷ ಹೇಳಿ’ ಎಂದು ಶುರುಮಾಡಿದರು.

‘ಯಾವ ಲೆಕ್ಕದಲ್ಲಿ?’ ಎಂದರು ಭಾವ, ಆಸಕ್ತಿಯಿಂದ.

‘ಹೋಗಲಿ. ನೂರರಿಂದ ಏಳೇಳು ಕಳೀತಾ ಹೋಗಿ.’

‘ಏಳೇ ಯಾಕೆ?’

ಡಾಕ್ಟರು ಪೆನ್ನು ನಿಲ್ಲಿಸಿದರು. ಏಳೇ ಯಾಕೆಂದು ಅವರಿಗೂ ಯಾರೂ ಹೇಳಿರಲಿಲ್ಲ. ‘ಇರಲಿ. ಆಗಲೇ ಬಂದ ಕೂಡಲೇ ಮೂರು ಪದ ಹೇಳಿ ನೆನಪಿಟ್ಕೊಳ್ಳಿ ಅಂದಿದ್ದೆನಲ್ಲ. ಅವು ಯಾವುವು?’

‘ನನಗೆ ಗೊತ್ತಿಲ್ಲ. ಕಂಡುಹಿಡಿಯೋಣ. ನಿಮಗೆ ನೆನಪಿದೆಯಾ ಡಾಕ್ಟ್ರೇ?’

ಡಾಕ್ಟರು ಚೀಟಿ ತಿರುಗಿಸಿ ನೋಡಿದರು, ಮೇಜಿನ ಕೆಳಗೆ ನೋಡಿದರು, ನರ್ಸಿನ ಮುಖ ನೋಡಿದರು. ‘ಒಂದು ಸೇಬು’ ಎಂದರು. ಇನ್ನೆರಡು ಕೊನೆಗೂ ಸಿಗಲಿಲ್ಲ. ನಮ್ಮನ್ನು ಹೊರಗೆ ಕರೆದು, ‘ಒಂದೋ ಇವರಿಗೆ ಮರೆವು, ಇಲ್ಲ ಇವರು ತತ್ವಜ್ಞಾನಿ. ಎರಡಕ್ಕೂ ಮಾತ್ರೆ ಇನ್ನೂ ಬಂದಿಲ್ಲ. ಮನೇಲಿ ವಸ್ತುಗಳ ಮೇಲೆ ಹೆಸರು ಬರೆದು ಅಂಟಿಸಿ, ಅನುಕೂಲ ಆಗುತ್ತೆ’ ಎಂದರು. ನಾವು ತಲೆಯ ಮೇಲೆ ಕೈ ಹೊತ್ತು ಮನೆಗೆ ಬಂದೆವು. ಭಾವ ದಾರಿಯುದ್ದಕ್ಕೂ, ‘ಬಹಳ ಒಳ್ಳೆ ಡಾಕ್ಟರು, ಎಷ್ಟು ಪ್ರಶ್ನೆ ಕೇಳ್ತಾರೆ’ ಎನ್ನುತ್ತಿದ್ದರು.

ಹೆಸರು ಬರೆದು ಅಂಟಿಸುವ ಕೆಲಸ ಶಾಲೆಯವರಿಗೆ ಹೇಳಿ ಮಾಡಿಸಿದ್ದು. ಹಿರಿಯ ಮೇಡಂ ಬಣ್ಣದ ಕಾಗದ ತಂದರು, ನಾನು ಗೋಂದು ಹಿಡಿದೆ. ಶಾಲೆಯ ಬಾಗಿಲುಗಳಿಗೆಲ್ಲ ‘ಬಾಗಿಲು’, ಭಾವನ ಕುರ್ಚಿಗೆ ‘ನಿಮ್ಮ ಕುರ್ಚಿ’, ಗಂಟೆಗೆ ‘ಗಂಟೆ, ಹೊಡೆಯುವುದು’. ಮನೆಯಲ್ಲಿ ಅಕ್ಕ ತನ್ನ ಬೆನ್ನಿಗೇ ‘ಹೆಂಡತಿ’ ಎಂದು ಅಂಟಿಸಿಕೊಂಡು ಓಡಾಡಿದಳು. ನನ್ನ ಅಂಗಿಯ ಮೇಲೆ ‘ಭಾಮೈದ’. ಭಾವ ಇದನ್ನೆಲ್ಲ ನೋಡಿ ಹಿಗ್ಗಿಹೋದರು. ‘ಒಂದನೇ ಕ್ಲಾಸಿನ ಮಕ್ಕಳಿಗೆ ಸುತ್ತಲೂ ಅಕ್ಷರ ಕಾಣ್ಬೇಕು ಅಂತ ಎಷ್ಟು ಸಲ ಹೇಳಿದ್ರೂ ಯಾರೂ ಮಾಡಿರಲಿಲ್ಲ. ಈಗ ಮನೆಯವರೂ ಸೇರಿಕೊಂಡ್ರಲ್ಲಯ್ಯ!’

ಸಾಹೇಬರು ಬರುವ ದಿನ ಬಂತು. ಅಕ್ಕನ ಯೋಜನೆ ಹೀಗಿತ್ತು: ನಾನು ಭಾವನ ಮಗ್ಗುಲಲ್ಲೇ ನಿಂತು, ಅವರು ಬಾಯಿ ತೆರೆಯುವ ಮುಂಚೆ ಉತ್ತರ ಹೇಳಬೇಕು. ಅವಳು, ಚಿಕ್ಕಮ್ಮ, ಟೈಲರ್ ಮೂವರೂ ನಾಲ್ಕನೇ ತರಗತಿಯ ಕಿಟಕಿಯ ಹೊರಗೆ ನಿಂತು ನೋಡಬೇಕು. ಯೋಜನೆಯಲ್ಲಿ ಒಂದೇ ಕೊರತೆಯಿತ್ತು. ಹಿರಿಯ ಮೇಡಂ ಹಿಂದಿನ ದಿನವೇ ಸಾಹೇಬರಿಗೆ ಫೋನು ಮಾಡಿ, ಭಾವನನ್ನು ಹೆಚ್ಚು ಆಯಾಸಪಡಿಸಬೇಡಿ, ಅವರಿಗೆ ಮರೆವಿನ ಕಾಯಿಲೆ ಎಂದು ತಿಳಿಸಿಬಿಟ್ಟಿದ್ದರು. ಅನುಕಂಪದಿಂದಲೇ ಹೇಳಿದರು. ಕುರ್ಚಿಗೆ ಒಂದು ದಿಂಬೂ ಕೊಂಡಿಟ್ಟಿದ್ದರು ಎಂಬುದು ಬೇರೆ ಮಾತು.

ಸಾಹೇಬರು ಎತ್ತರದ ಮನುಷ್ಯ, ನಕ್ಕು ಅಭ್ಯಾಸವಿಲ್ಲದವರು. ಮೊದಲು ನನ್ನ ಎದೆಯನ್ನು ಓದಿದರು. ‘ಭಾಮೈದ. ಇದು ಯಾವ ಹುದ್ದೆ?’

‘ಗುಮಾಸ್ತ ಸಾರ್’ ಎಂದೆ. ಬೆವರಿಗೆ ಗೋಂದು ಬಿಟ್ಟು ಕಾಗದ ಅವರ ಬೂಟಿನ ಮೇಲೆ ಬಿತ್ತು.

ನಾಲ್ಕನೇ ತರಗತಿಯಲ್ಲಿ ಕೂತು ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ‘ಶಾಲೇಲಿ ಒಟ್ಟು ಮಕ್ಕಳೆಷ್ಟು?’

ನಾನು ಬಾಯಿ ತೆರೆಯುವುದರಲ್ಲಿದ್ದೆ. ಭಾವ ನನ್ನ ಕಾಲು ತುಳಿದು, ಹೆಮ್ಮೆಯಿಂದ ಹೇಳಿದರು, ‘ನನಗೆ ಗೊತ್ತಿಲ್ಲ ಸಾರ್. ಬನ್ನಿ, ಕಂಡುಹಿಡಿಯೋಣ.’

ಕಿಟಕಿಯ ಹೊರಗೆ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಸಾಹೇಬರು ಪೆನ್ನಿನ ಮುಚ್ಚಳ ಮತ್ತೆ ಹಾಕಿದರು. ‘ನೋಡಿ, ನೇರವಾಗಿ ಕೇಳ್ತೀನಿ, ತಪ್ಪು ತಿಳೀಬೇಡಿ. ನಿಮ್ಮ ವಿಷಯ ನನ್ನ ಕಿವಿಗೆ ಬಿದ್ದಿದೆ. ನಿಮಗೆ ಮರೆವಿನ ಕಾಯಿಲೆ ಇದೆ ಅಂತ. ನಿಜಾನಾ?’

‘ಗೊತ್ತಿಲ್ಲ. ಕಂಡುಹಿಡಿಯೋಣ’ ಎಂದರು ಭಾವ, ವಾರದ ಅಭ್ಯಾಸದಿಂದ. ಹೇಳಿದ ಮೇಲೆ ಕೇಳಿದ್ದೇನೆಂಬುದು ತಲೆಗೆ ಹೋಯಿತು. ಅವರು ನನ್ನನ್ನು ನೋಡಿದರು. ಬಾಗಿಲ ಮೇಲಿನ ‘ಬಾಗಿಲು’ ನೋಡಿದರು. ಕಿಟಕಿಯ ಹೊರಗಿನ ಮೂರು ಮುಖ ನೋಡಿದರು. ಬಾದಾಮಿ, ಬೆರಳು ಎಣಿಸುವಿಕೆ, ಡಾಕ್ಟರ ಸೇಬು, ಎಲ್ಲ ಒಟ್ಟಿಗೆ ಬಂದು ಅವರ ಮುಖದ ಮೇಲೆ ಕೂತದ್ದನ್ನು ನಾನೇ ಕಂಡೆ. ‘ಮರೆವಿಲ್ಲ, ಎಲ್ಲ ನೆನಪಿದೆ’ ಎಂದು ಪಟಪಟ ಉತ್ತರ ಹೇಳಿದರೆ ವಾರದ ಕೆಲಸವೆಲ್ಲ ಮಣ್ಣುಪಾಲು. ಹೇಳದಿದ್ದರೆ ಕುರ್ಚಿ ಮಣ್ಣುಪಾಲು.

ಆದರೆ ತರಗತಿಯಲ್ಲಿ ಬೇರೆಯೇ ಒಂದು ನಡೆಯುತ್ತಿತ್ತು. ‘ಕಂಡುಹಿಡಿಯೋಣ’ ಎಂಬ ಮಾತು ಕಿವಿಗೆ ಬಿದ್ದರೆ ಏನು ಮಾಡಬೇಕೆಂದು ಮಕ್ಕಳಿಗೆ ವಾರದಲ್ಲಿ ರೂಢಿಯಾಗಿಹೋಗಿತ್ತು. ಒಬ್ಬ ಎದ್ದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ: ‘ಸಾರ್‌ಗೆ ಮರೆವು ಇದೆಯಾ?’ ಎರಡು ಜಡೆಯವಳು ಸೀದಾ ಸಾಹೇಬರ ಮುಂದೆ ಬಂದು ನಿಂತಳು.

‘ನಿಮಗೆ ಯಾರು ಹೇಳಿದ್ರು ಸಾರ್?’

ಸಾಹೇಬರನ್ನು ಹಾಗೆ ಯಾರೂ ಕೇಳಿದವರಿಲ್ಲ. ಗೊಂದಲದಲ್ಲಿ ಉತ್ತರ ಹೇಳಿಬಿಟ್ಟರು. ‘ನಿಮ್ಮ ಹಿರಿಯ ಮೇಡಂ.’

‘ಮೇಡಂ, ನಿಮಗೆ?’

‘ಸಾರ್ ಮನೆಯವರ ಚಿಕ್ಕಮ್ಮ ಹೇಳಿದ್ರು’ ಎಂದರು ಮೇಡಂ, ಗೋಡೆಗೆ ಅಂಟಿಕೊಂಡು.

‘ನನಗೆ ಟೈಲರ್ ಹೇಳಿದ್ದಪ್ಪ!’ ಎಂದು ಕಿಟಕಿಯಿಂದ ಚಿಕ್ಕಮ್ಮ ಕೂಗಿದಳು.

ಟೈಲರ್ ತಲೆ ತಗ್ಗಿಸಿದ. ‘ಸೊಂಟದ ಅಳತೆ ಕೇಳಿದೆ. ಗೊತ್ತಿಲ್ಲ ಅಂದ್ರು.’

‘ಅಷ್ಟೇನಾ?’ ಎಂದಳು ಹುಡುಗಿ. ಸಾಹೇಬರ ಕಡೆ ತಿರುಗಿ, ‘ನಿಮ್ಮ ಸೊಂಟದ ಅಳತೆ ನಿಮಗೆ ಗೊತ್ತಾ ಸಾರ್?’ ಎಂದಳು. ಸಾಹೇಬರು ಹೊಟ್ಟೆ ಸ್ವಲ್ಪ ಒಳಗೆಳೆದುಕೊಂಡರು.

‘ಸಾರ್ ಏನಾದ್ರೂ ಮರೆತದ್ದನ್ನ ಕಣ್ಣಾರೆ ನೋಡಿದವರು ಕೈ ಎತ್ತಿ’ ಎಂದಳು ಅವಳು ತರಗತಿಗೆ. ಒಂದೂ ಕೈ ಏಳಲಿಲ್ಲ. ಹುಡುಗಿ ಸ್ವಲ್ಪ ಯೋಚಿಸಿದಳು. ‘ಸಾರ್ ಮರೀಲಿ ಅಂತ ಬೇಡಿಕೊಂಡವರು?’

ಇಡೀ ತರಗತಿಯ ಕೈ ಮೇಲೆದ್ದಿತು.

‘ಏನನ್ನ ಮರೀಲಿ ಅಂತ?’ ಎಂದರು ಸಾಹೇಬರು.

‘ಹೋಂವರ್ಕು ಸಾರ್!’ ಹಿಂದಿನ ಬೆಂಚಿನಿಂದ ಒಬ್ಬ ಅಳುವ ದನಿಯಲ್ಲಿ ಎದ್ದು, ‘ನಾನು ನಕ್ಷೆ ತಂದಿಲ್ಲ ಅಂತ ಈ ವಾರ ಒಂದು ದಿನಾನೂ ಬಿಟ್ಟಿಲ್ಲ ಸಾರ್’ ಎಂದ.

‘ನಕ್ಷೆ ಒಂದೇ ಏನೋ?’ ಎಂದರು ಭಾವ. ಅವರಿಗೆ ತಡೆದುಕೊಳ್ಳಲಾಗಲಿಲ್ಲ. ‘ಹದಿಮೂರರ ಮಗ್ಗಿ ಎಲ್ಲಿ? ಮಳೆಗಾಲದಲ್ಲಿ ಕೊಡ್ತೀನಿ ಅಂದ ಎಲೆ ಸಂಗ್ರಹ ಎಲ್ಲಿ? ನಿನ್ನ ಪಕ್ಕದವನು ಅಜ್ಜಿಗೆ ಜ್ವರ ಅಂತ ಎರಡು ಸಲ ಹೇಳಿದ್ದಾನೆ, ಅಜ್ಜಿ ಎರಡು ಸಲವೂ ಶಾಲೆ ಮುಂದೆ ತರಕಾರಿ ತಗೋತಿದ್ರು. ಕಿಟಕಿ ಪಕ್ಕದವಳು ಬರೆದ ಪ್ರಬಂಧಕ್ಕೆ ಕೊನೇ ಸಾಲೇ ಇಲ್ಲ. ನೀನು...’

ಹೊರಗಿನಿಂದ ಅಕ್ಕನ ಅಳು ನಗು ಎರಡೂ ಒಟ್ಟಿಗೆ ಕೇಳಿಸಿತು. ‘ನೆನಪಿದೆ! ಇವರಿಗೆ ಎಲ್ಲಾ ನೆನಪಿದೆ!’ ಹೋದ ಜೀವ ಬಂದ ಹಾಗೆ ನಾವೆಲ್ಲ ಉಸಿರುಬಿಟ್ಟೆವು. ಮರುಗಳಿಗೆಗೇ ಆ ಮಾತಿನ ಪೂರ್ತಿ ಅರ್ಥ ಒಬ್ಬೊಬ್ಬರಿಗೇ ಹೊಳೆಯತೊಡಗಿತು. ಎಲ್ಲಾ ನೆನಪಿದೆ. ಕಿಟಕಿಯಿಂದ ಟೈಲರ್ ಮಾಯವಾದ. ಚಿಕ್ಕಮ್ಮ ‘ಆಟೋ!’ ಎಂದು ಕೂಗಿದ್ದು ಕೇಳಿಸಿತು. ಹಿರಿಯ ಮೇಡಂ ಕಣ್ಣು ಮುಚ್ಚಿಕೊಂಡರು. ಅಕ್ಕನ ಮುಖದ ಮೇಲಿನ ನಗು ಇದ್ದಲ್ಲೇ ನಿಂತುಹೋಯಿತು. ನಾನು ನನ್ನ ವಿಷಯ ನೆನೆಸಿಕೊಂಡು ಹಾಜರಿ ಪುಸ್ತಕದ ಹಿಂದೆ ಸರಿದೆ.

ಆಗ ಭಾವ ಕಾರ್ಯಾಗಾರದ ಕಥೆಯನ್ನು ಸಾಹೇಬರಿಗೆ ಹೇಳಿದರು. ನಾವೂ ಕೇಳಿಸಿಕೊಂಡದ್ದು ಆಗಲೇ. ಸಾಹೇಬರು ಬೋರ್ಡು ನೋಡಿದರು, ಹುಡುಗಿಯನ್ನು ನೋಡಿದರು. ಅವಳು ಸಮಯ ಹಾಳುಮಾಡುವವಳಲ್ಲ. ‘ಸಾರ್, ಇರುವೆ ನಿದ್ದೆ ಮಾಡುತ್ತಾ?’ ಎಂದಳು.

ಸಾಹೇಬರು ಗಂಟಲು ಸರಿಮಾಡಿಕೊಂಡರು. ಅವರೂ ಭಾವನ ಜಾತಿಯವರೇ, ಉತ್ತರ ಕೊಟ್ಟೇ ದೊಡ್ಡವರಾದವರು. ಒಂದು ಉತ್ತರ ನಾಲಗೆಯ ತುದಿಗೆ ಬಂದದ್ದು ಕಾಣಿಸಿತು. ಆಮೇಲೆ ಅದು ವಾಪಸು ಹೋಯಿತು.

‘ಗೊತ್ತಿಲ್ಲಮ್ಮ’ ಎಂದರು. ಹೇಳಿದ ಮೇಲೆ ಬಿಗಿಯಾದ ಬೂಟು ಬಿಚ್ಚಿದವರ ಹಾಗೆ ಕುರ್ಚಿಗೆ ಒರಗಿ ಕಾಲು ಚಾಚಿದರು. ‘ನಿಮಗೇನು ತಿಳೀತು?’

‘ಒಂದೂ ಮಲಗಿಲ್ಲ ಸಾರ್. ಆದ್ರೆ ಕೆಲವು ಸುಮ್ಮನೆ ನಿಂತ್ಕೊಂಡಿದ್ವು. ಅದು ನಿದ್ದೇನಾ, ಯೋಚನೇನಾ ಅಂತ ಇನ್ನೂ ಗೊತ್ತಾಗಿಲ್ಲ.’

‘ನನ್ನ ಕಚೇರೀಲೂ ಇದೇ ಸಮಸ್ಯೆ’ ಎಂದು ಸಾಹೇಬರು ನಕ್ಕುಬಿಟ್ಟರು. ಪೆನ್ನು ತೆರೆದು, ಭಾವನ ಹುದ್ದೆಯ ಮುಂದಿದ್ದ ‘ಹಂಗಾಮಿ’ಯನ್ನು ಅಲ್ಲೇ ನಮ್ಮೆದುರಿಗೆ ಹೊಡೆದುಹಾಕಿದರು. ಹಿರಿಯ ಮೇಡಂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು, ದಿಂಬನ್ನು ಆ ಸಂಜೆಯೇ ಮನೆಗೆ ಒಯ್ದರು.

ಆ ರಾತ್ರಿಯ ಊಟದಲ್ಲಿ ಅಕ್ಕ ಮತ್ತೆ ಮತ್ತೆ ಬಡಿಸಿದಳು. ಕೊನೆಗೆ ತಟ್ಟೆ ಎತ್ತುವ ನೆಪದಲ್ಲಿ ನಿಂತು, ನೆಲ ನೋಡುತ್ತಾ ಕೇಳಿದಳು, ‘ರೀ... ಈ ವಾರ ನಾನು ನಿಮ್ಮ ಹತ್ರ ಏನೇನೋ ಹೇಳಿದೆನಲ್ಲ. ಅದೆಲ್ಲ ನೆನಪಿದ್ಯಾ?’

ಭಾವ ತಲೆಯೆತ್ತಿ ಅವಳನ್ನು ನೋಡಿದರು. ಬೆನ್ನ ಮೇಲೆ ‘ಹೆಂಡತಿ’ ಎಂಬ ಕಾಗದ ಇನ್ನೂ ಅರ್ಧ ಅಂಟಿಕೊಂಡಿತ್ತು. ಅವರು ಮೆಲ್ಲಗೆ ಅದನ್ನು ಕಿತ್ತು, ಮಡಿಸಿ ಜೇಬಿಗೆ ಹಾಕಿಕೊಂಡು, ‘ಗೊತ್ತಿಲ್ಲ’ ಎಂದರು.

ಅಕ್ಕ ಉಸಿರು ಬಿಗಿಹಿಡಿದು ಮುಂದಿನ ಮಾತಿಗೆ ಕಾದಳು. ವಾರವಿಡೀ ‘ಗೊತ್ತಿಲ್ಲ’ ಎಂಬುದರ ಬೆನ್ನಿಗೇ ‘ಕಂಡುಹಿಡಿಯೋಣ’ ಬರುತ್ತಿತ್ತು. ಭಾವ ಕೈತೊಳೆದು ಬಂದು ಪೇಪರು ಬಿಡಿಸಿದರು. ಆ ಮಾತು ಬರಲೇ ಇಲ್ಲ. ಅಕ್ಕ ಅಡುಗೆಮನೆಗೆ ಹೋಗಿ, ಗೋಡೆಗೆ ಒರಗಿ, ಬಹಳ ಹೊತ್ತು ತನ್ನಷ್ಟಕ್ಕೆ ನಕ್ಕಳು.

ಆದರೂ ಹೆಂಗಸಿನ ಮನಸ್ಸು. ಎರಡು ದಿನ ಬಿಟ್ಟು ನನ್ನನ್ನು ಕರೆದು, ‘ಅಟ್ಟ ಹತ್ತಿ ನೋಡೋ, ಆ ಕೊಳಲು ಹಾಸಿಗೆಯೊಳಗೇ ಇದೆಯಾ?’ ಎಂದಳು. ಅಟ್ಟಕ್ಕೆ ಹೋಗಿ ಹಾಸಿಗೆ ಸುರುಳಿ ಬಿಚ್ಚಿದೆ. ಧೂಳಿತ್ತು, ಹತ್ತಿಯಿತ್ತು, ಕೊಳಲಿನಷ್ಟು ಉದ್ದದ ಒಂದು ತಗ್ಗಿತ್ತು.

ಅದು ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಬೆಳಿಗ್ಗೆ ನಾಲ್ಕನೇ ತರಗತಿಯ ಮುಂದೆ ಹಾದುಹೋದಾಗ ಕೊಳಲು ಮಕ್ಕಳ ಕೈಯಿಂದ ಕೈಗೆ ದಾಟುತ್ತಿತ್ತು. ಎರಡು ಜಡೆಯವಳು ಊದಿದರೆ ಇಂಪಾಗಿ ಬರುತ್ತಿತ್ತು, ಹಿಂದಿನ ಬೆಂಚಿನವನು ಊದಿದರೂ ಬರುತ್ತಿತ್ತು. ಭಾವ ಊದಿದರೆ ನಾಯಿಮರಿ ಬರುತ್ತಿತ್ತು. ಬೋರ್ಡಿನ ಮೇಲೆ ಮಕ್ಕಳು ಬರೆದಿದ್ದರು: ‘ಸಾರ್ ಊದಿದರೆ ಮಾತ್ರ ಯಾಕೆ ಹೀಗಾಗುತ್ತೆ?’ ಅದರ ಕೆಳಗೆ ಭಾವನದೇ ಕೈಬರಹದಲ್ಲಿ, ‘ನನಗೆ ಗೊತ್ತಿಲ್ಲ. ಕಂಡುಹಿಡಿಯೋಣ.’ ಅಷ್ಟು ಸುಖವಾಗಿರುವ ಭಾವನನ್ನು ನಾನು ಅದುವರೆಗೆ ಕಂಡಿರಲಿಲ್ಲ.

‘ಇದೆಯೇನೋ?’ ಎಂದು ಕೆಳಗಿನಿಂದ ಅಕ್ಕ ಕೂಗಿದಳು.

ನಾನು ಹಾಸಿಗೆಯನ್ನು ಮತ್ತೆ ಬಿಗಿಯಾಗಿ ಸುತ್ತಿ, ಹಗ್ಗ ಕಟ್ಟಿ, ಏಣಿಯ ಮೇಲೆ ಕಾಲಿಟ್ಟೆ.

‘ಗೊತ್ತಿಲ್ಲ ಕಣಕ್ಕ’ ಎಂದೆ.